ನಿನೋ ರೋಟಾ ಲೇಖನದ ಬಗ್ಗೆ

ಪ್ರಿಯರೇ,

ಇಟಲಿಯ ಚಿತ್ರಸಂಗೀತ ಸಂಯೋಜಕ ನಿನೋ ರೋಟಾ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಬರೆದರೆ ಒಳ್ಳೆಯ ಲೇಖನವಾಗುತ್ತದೆ ಎಂಬ ನಂಬಿಕೆ ಇರುವುದರಿಂದಲೇ ಇಷ್ಟುದ್ದ ಉತ್ತರ ಬರೆಯುತ್ತಿದ್ದೇನೆ.

1911ರಲ್ಲಿ ಮಿಲಾನ್‌ನಲ್ಲಿ ಹುಟ್ಟಿದರು ಎಂದು ಶುರು ಮಾಡಿ, 1979ರಲ್ಲಿ ರೋಮ್‌ನಲ್ಲಿ ತೀರಿಕೊಂಡರು ಎಂದು ಮುಗಿಸಿದ್ದೀರಿ. ನಡುವೆ ಇರುವುದು ಸಿನಿಮಾಗಳ ಹೆಸರು, ಇಸವಿ, ಪ್ರಶಸ್ತಿ. ‘ಸ್ವರಮಾಂತ್ರಿಕ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ, ಆದರೆ ಆ ಮನುಷ್ಯ ಕಟ್ಟಿದ ಒಂದು ಮಟ್ಟೂ ಓದುಗರ ಕಿವಿಗೆ ಬೀಳುವುದಿಲ್ಲ. ಸಂಗೀತಗಾರನ ಬಗ್ಗೆ ಬರೆಯುವಾಗ ಇದು ದೊಡ್ಡ ಕೊರತೆ.

ನಿಮ್ಮ ಲೇಖನದ ಜೀವಾಳ ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟ ಕಡೆ ಇದೆ. ‘ತಾಂತ್ರಿಕ ಕಾರಣದಿಂದ 1973ರಲ್ಲಿ ಆಸ್ಕರ್ ನಾಮನಿರ್ದೇಶನ ರದ್ದಾಯಿತು’ ಎಂದಿದ್ದೀರಿ. ಏನದು ತಾಂತ್ರಿಕ ಕಾರಣ? ‘ದಿ ಗಾಡ್‌ಫಾದರ್’ ಚಿತ್ರದ ಪ್ರೇಮದ ಮಟ್ಟನ್ನು ರೋಟಾ ತಮ್ಮದೇ ಹಳೆಯ ಸಿನಿಮಾದಿಂದ, 1958ರ ‘ಫೋರ್ತುನೆಲ್ಲಾ’ದಿಂದ, ಎತ್ತಿಕೊಂಡಿದ್ದರು; ಹೊಸದಾಗಿ ಕಟ್ಟಿದ ಸಂಗೀತವಲ್ಲ ಎಂಬ ಕಾರಣಕ್ಕೆ ನಾಮನಿರ್ದೇಶನ ಹೋಯಿತು. ಹಳೆಯ ಸಿನಿಮಾದಲ್ಲಿ ಅದು ಚುರುಕಾಗಿ ಹೆಜ್ಜೆ ಹಾಕುವ, ನಗಿಸುವ ಮಟ್ಟು. ಅದೇ ಸ್ವರಗಳು ಸಿಸಿಲಿಯ ಬಿಸಿಲಿನಲ್ಲಿ ನಿಧಾನಕ್ಕೆ ಹರಿದಾಗ ಕೇಳುವವರ ಎದೆ ಭಾರವಾಗುತ್ತದೆ. ಒಂದೇ ಕೃತಿಯನ್ನು ಬೇರೆ ಬೇರೆ ಕಾಲದಲ್ಲಿ, ಅಂದರೆ ಬೇರೆ ಬೇರೆ ವೇಗದಲ್ಲಿ, ಕೇಳಿ ಗೊತ್ತಿರುವ ನಮ್ಮ ಓದುಗರಿಗೆ ಇದನ್ನು ವಿವರಿಸುವುದು ಕಷ್ಟವೇ ಅಲ್ಲ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ, ಕೇಳಿದ್ದನ್ನು ಬರೆಯಿರಿ. ಎರಡು ವರ್ಷದ ಮೇಲೆ, 1975ರಲ್ಲಿ, ಅದೇ ಚಿತ್ರದ ಎರಡನೇ ಭಾಗಕ್ಕೆ ನಿರ್ದೇಶಕ ಫ್ರಾನ್ಸಿಸ್ ಕೊಪ್ಪೊಲಾ ಅವರ ತಂದೆ ಕಾರ್ಮೈನ್ ಕೊಪ್ಪೊಲಾ ಜೊತೆಗೆ ಅವರಿಗೆ ಆಸ್ಕರ್ ಬಂತು.

ಇಲ್ಲಿ ನೀವು ಒಂದು ನಿಲುವು ತಳೆಯಲೇಬೇಕು. ತನ್ನದೇ ಮಟ್ಟನ್ನು ಮತ್ತೆ ಬಳಸುವುದು ಸೋಮಾರಿತನವೇ? ನನ್ನ ಮಟ್ಟಿಗೆ ಅಲ್ಲ. ಸಂಗೀತ ಕಚೇರಿಗೆ ಬರೆದದ್ದು ಸಿನಿಮಾಕ್ಕೆ ಬಂತು, ಸಿನಿಮಾಕ್ಕೆ ಬರೆದದ್ದು ಬ್ಯಾಲೆಗೆ ಹೋಯಿತು. ಇವುಗಳ ನಡುವೆ ರೋಟಾ ಗೋಡೆ ಕಟ್ಟಿಕೊಳ್ಳಲೇ ಇಲ್ಲ. ನೀವು ಒಪ್ಪದಿದ್ದರೆ ಒಪ್ಪುವುದಿಲ್ಲ ಎಂದೇ ಬರೆಯಿರಿ, ಖಂಡಿತ ಪ್ರಕಟಿಸುತ್ತೇನೆ.

ಇಟಲಿಯ ನಿರ್ದೇಶಕ ಫೆಲಿನಿಯ ‘ಲಾ ಸ್ತ್ರಾದಾ’ (1954) ಬಗ್ಗೆ ‘ಹೃದಯ ಕಲಕುವ ಸಂಗೀತ’ ಎಂದಷ್ಟೇ ಹೇಳಿ ಮುಂದೆ ಹೋಗಿದ್ದೀರಿ. ಆ ಚಿತ್ರದ ನಾಯಕಿ ಜೆಲ್ಸೊಮಿನಾ ಒಂದು ಮಟ್ಟನ್ನು ತುತ್ತೂರಿಯಲ್ಲಿ ನುಡಿಸುತ್ತಿರುತ್ತಾಳೆ. ಕಾಯಿಲೆ ಬಿದ್ದ ಅವಳನ್ನು, ಅವಳ ಜೊತೆ ಊರೂರು ಸುತ್ತಿ ಆಟ ತೋರಿಸುವ ಜಂಪಾನೊ ದಾರಿಯಲ್ಲೇ ಬಿಟ್ಟುಹೋಗುತ್ತಾನೆ. ವರ್ಷಗಳು ಕಳೆದ ಮೇಲೆ ಯಾವುದೋ ಊರಿನಲ್ಲಿ, ಬಟ್ಟೆ ಒಣಹಾಕುತ್ತಿರುವ ಹೆಂಗಸೊಬ್ಬಳ ಬಾಯಲ್ಲಿ ಅದೇ ಮಟ್ಟು ಅವನ ಕಿವಿಗೆ ಬೀಳುತ್ತದೆ. ಇದನ್ನು ಎಲ್ಲಿ ಕಲಿತೆ ಎಂದು ಕೇಳಿದಾಗಲೇ ಜೆಲ್ಸೊಮಿನಾ ಸತ್ತ ಸುದ್ದಿ ಅವನಿಗೆ ಗೊತ್ತಾಗುವುದು. ಅಲ್ಲಿ ಸಂಗೀತ ಹಿನ್ನೆಲೆಯಲ್ಲಿ ಇಲ್ಲ, ಕಥೆಯನ್ನೇ ಹೊತ್ತು ನಡೆಯುತ್ತಿದೆ. ಈ ದೃಶ್ಯಕ್ಕೆ ಒಂದಿಡೀ ಪ್ಯಾರಾ ಕೊಡಿ. ಜಾಗ ಬೇಕಾದರೆ ಪ್ರಶಸ್ತಿಗಳ ಪಟ್ಟಿಯನ್ನು ತೆಗೆದುಹಾಕಿ.

ದಕ್ಷಿಣ ಇಟಲಿಯ ಬಾರಿ ನಗರದ ಸಂಗೀತ ವಿದ್ಯಾಲಯದ ಸುದ್ದಿಯನ್ನೇ ನೀವು ಎತ್ತಿಲ್ಲ, ಇದು ನನಗೆ ನಿಜಕ್ಕೂ ಬೇಸರ ತಂದಿತು. ಅಲ್ಲಿ ಮೇಷ್ಟರಾಗಿ ಸೇರಿದ ರೋಟಾ 1950ರಿಂದ ಕಾಲು ಶತಮಾನಕ್ಕೂ ಹೆಚ್ಚು ಕಾಲ ಅದರ ನಿರ್ದೇಶಕರಾಗಿದ್ದರು. ನಿರ್ದೇಶಕರಾದ ಫೆಲಿನಿಗೂ ವಿಸ್ಕೊಂತಿಗೂ ಫ್ರಾನ್ಸಿಸ್ ಕೊಪ್ಪೊಲಾಗೂ ಸಂಗೀತ ಕೊಡುತ್ತಿದ್ದ ವರ್ಷಗಳಲ್ಲೇ ಪರೀಕ್ಷೆ, ಪಾಠ, ಆಡಳಿತವನ್ನೂ ನೋಡಿಕೊಂಡರು. ಮುಂದೆ ಜಗತ್ಪ್ರಸಿದ್ಧ ವಾದ್ಯವೃಂದ ನಿರ್ವಾಹಕರಾದ ರಿಕ್ಕಾರ್ದೊ ಮೂತಿ ಇನ್ನೂ ಹುಡುಗನಾಗಿದ್ದಾಗ ಅವರ ಬೆನ್ನು ತಟ್ಟಿದವರು ಈ ಮೇಷ್ಟರೇ. ನೂರೈವತ್ತರಷ್ಟು ಸಿನಿಮಾ ಎಂಬ ಅಂಕಿಯ ಪಕ್ಕದಲ್ಲಿ ಇದನ್ನೂ ಇಟ್ಟರೆ ಮನುಷ್ಯ ಕಣ್ಣೆದುರು ಬಂದು ನಿಲ್ಲುತ್ತಾನೆ. ಬಾಲ್ಯಕ್ಕೆ ಎರಡು ವಾಕ್ಯ ಸಾಕು: ಸಂಗೀತದ ಮನೆತನ, ಮತ್ತು ಹನ್ನೊಂದರ ವಯಸ್ಸಿಗೇ ಬರೆದ ಒರಟೋರಿಯೊ (ಗಾಯನ, ವಾದ್ಯವೃಂದಗಳ ದೊಡ್ಡ ಧಾರ್ಮಿಕ ಕೃತಿ).

ಒಂದು ತಪ್ಪು ಮಾತ್ರ ಉಳಿಯಲೇಬಾರದು. ವಿಸ್ಕೊಂತಿಯ ‘ದಿ ಲೆಪರ್ಡ್’ (1963) ಚಿತ್ರದ ನೃತ್ಯಕೂಟದಲ್ಲಿ ಕಥಾನಾಯಕ ಕುಣಿಯುವ ವಾಲ್ಟ್ಸ್ ರೋಟಾ ಅವರದು ಎಂದು ಬರೆದಿದ್ದೀರಿ. ಅದು ಹತ್ತೊಂಬತ್ತನೇ ಶತಮಾನದ ಒಪೆರಾ ಸಂಯೋಜಕ ವೆರ್ದಿಯದು, ಅಲ್ಲಿಯವರೆಗೆ ಅಚ್ಚಾಗದೆ ಉಳಿದಿದ್ದ ರಚನೆ. ರೋಟಾ ಅದನ್ನು ವಾದ್ಯವೃಂದಕ್ಕೆ ಅಳವಡಿಸಿದರು.

ಒಂಬೈನೂರು ಪದ ಮೀರದ ಹಾಗೆ ಹೊಸದಾಗಿ ಬರೆದು, 1973ರ ಆ ರದ್ದಾದ ನಾಮನಿರ್ದೇಶನದಿಂದಲೇ ಶುರು ಮಾಡಿ ಕಳಿಸಿ. ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ