ನಾಯಿಯ ಬಟ್ಟಲಿಗೆ ಮರದ ಸ್ಟ್ಯಾಂಡ್: ತೂತು ಎಷ್ಟು ದೊಡ್ಡದಿರಬೇಕು?

ಬಟ್ಟಲು ಸರಿಯಾಗಿ ಕೂರಲು ತೂತಿನ ಅಳತೆ ಕೇಳಿದ್ದೀರಿ. ಮೇಲಿನ ಅಂಚನ್ನು ಅಳೆದು ಕೊರೆದರೆ ಬಟ್ಟಲು ಸೀದಾ ಕೆಳಗೆ ಬೀಳುತ್ತದೆ. ಅಂಚಿನ ಕೆಳಗಿನ ಅಗಲ ಅಳೆದು, ಸುಮಾರು 3 ಮಿ.ಮೀ. ಜಾಸ್ತಿ ಇಡಿ. ಆಗ ಅಂಚು ಹಲಗೆಯ ಮೇಲೆ ಕೂರುತ್ತದೆ, ತೊಳೆಯಲು ಎತ್ತುವುದೂ ಸುಲಭ. ಮೊದಲು ರಟ್ಟಿನಲ್ಲಿ ಕತ್ತರಿಸಿ ನೋಡಿ.

18 ಮಿ.ಮೀ. ಪ್ಲೈವುಡ್ ಸಾಕು. ತೂತಿನ ಗೆರೆ ಎಳೆದು, ಅದರ ಒಳಗೆ ಡ್ರಿಲ್ ಮಾಡಿ, ಅಲ್ಲಿಂದ ಜಿಗ್‌ಸಾ (ತೆಳು ಅಲಗಿನ ವಿದ್ಯುತ್ ಗರಗಸ) ಓಡಿಸಿ. ನೀರು ಚೆಲ್ಲೇ ಚೆಲ್ಲುತ್ತದೆ, ಹಾಗಾಗಿ ಕೊರೆದ ಅಂಚಿಗೂ ವಾರ್ನಿಷ್ ಬಳಿಯಿರಿ. ಪೂರ್ತಿ ಒಣಗಿ ವಾಸನೆ ಹೋಗುವವರೆಗೆ ಬಳಸಬೇಡಿ.

ಎತ್ತರದ ಬಗ್ಗೆ ಮಾತ್ರ ಎಚ್ಚರ. ಕತ್ತು ನೋಯುವ ಮುದಿ ನಾಯಿಗೆ ಸ್ಟ್ಯಾಂಡ್ ಹಿತ, ಅಲ್ವಾ? ಆದರೆ ಆಳವಾದ ಎದೆಯ ದೊಡ್ಡ ತಳಿಗಳಲ್ಲಿ ಎತ್ತರದ ಬಟ್ಟಲಿಗೂ ಜೀವ ತೆಗೆಯುವ ಹೊಟ್ಟೆ ಉಬ್ಬರಕ್ಕೂ ನಂಟು ಕಂಡ ಅಧ್ಯಯನವಿದೆ. ಅಂಥ ನಾಯಿಯಾದರೆ ಪಶುವೈದ್ಯರನ್ನು ಕೇಳಿಯೇ ಸ್ಟ್ಯಾಂಡಿನ ಕಾಲುಗಳನ್ನು ಅಳತೆಗೆ ಕತ್ತರಿಸಿ.