ಚಿಕಿತ್ಸಕ ಉದ್ಯಾನಕ್ಕೆ ದೀಪ ಹಾಕಿಸುವಾಗ ಮೊದಲು ಏನು ನೋಡಬೇಕು?

ರೋಗಿಗಳು, ವಯಸ್ಸಾದವರು ಸಂಜೆ ಬಂದು ಕೂರುವ ಸಾರ್ವಜನಿಕ ಉದ್ಯಾನಕ್ಕೆ ಎಷ್ಟು ವ್ಯಾಟ್‌ನ ದೀಪ, ಎಷ್ಟು ಕಂಬ, ಯಾವ ಬಣ್ಣದ ಬೆಳಕು ಬೇಕು ಅಂತ ಕೇಳಿದ್ದೀರಿ. ಹೊರಾಂಗಣ ಬೆಳಕಿನ ವಿನ್ಯಾಸವೇ ನನ್ನ ಕೆಲಸ. ವ್ಯಾಟ್ ಲೆಕ್ಕ ಕೊನೆಗಿರಲಿ. ಮೊದಲು ಕತ್ತಲಾದ ಮೇಲೆ ಒಂದು ವೀಲ್‌ಚೇರ್‌ನಲ್ಲಿ ಕೂತು ದಾರಿ ಪೂರ್ತಿ ಒಂದು ಸುತ್ತು ಬನ್ನಿ.

ಕೂತವರ ಕಣ್ಣು ನೆಲದಿಂದ ಸುಮಾರು 1.1ರಿಂದ 1.2 ಮೀಟರ್ ಎತ್ತರದಲ್ಲಿರುತ್ತದೆ. ದಾರಿಯ ಅಂಚಿಗೆ ನೆಡುವ ಗಿಡ್ಡ ಕಂಬದ (ಬೊಲ್ಲಾರ್ಡ್) ದೀಪಗಳ ತಲೆಯೂ ಹೆಚ್ಚುಕಮ್ಮಿ ಅಲ್ಲೇ. ನಿಂತವರಿಗೆ ಚೆಂದ ಕಾಣುವ ದೀಪ ಕೂತವರ ಕಣ್ಣಿಗೇ ಹೊಡೆಯುತ್ತದೆ. ಇದರ ಬದಲು ರೇಲಿಂಗ್‌ನ ಅಡಿಯಲ್ಲಿ ಮರೆಯಾಗಿ ಎಲ್‌ಇಡಿ ಪಟ್ಟಿ ಕೂರಿಸಿ. ಬೆಳಕು ನೆಲಕ್ಕೆ ಬೀಳಬೇಕು, ದೀಪ ಕಾಣಬಾರದು.

60 ದಾಟಿದವರ ಕಣ್ಣಿನ ಪಾಪೆ ಕಿರಿದಾಗಿ, ಮಸೂರ ಹಳದಿಗಟ್ಟಿರುತ್ತದೆ. 20ರ ಹರೆಯದವರ ಅಕ್ಷಿಪಟಕ್ಕೆ ತಲುಪುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲಷ್ಟೇ ಇವರಿಗೆ ಸಿಗುವುದು. ಹಾಗಂತ ಬೆಳಕು ಮೂರು ಪಟ್ಟು ಮಾಡಿದರೆ ಆಗದು. ಅದೇ ಮಸೂರ ಬೆಳಕನ್ನು ಚದುರಿಸುವುದರಿಂದ ಕಣ್ಣು ಕುಕ್ಕುವುದೂ ಇವರಿಗೇ ಜಾಸ್ತಿ. ನಾನು ದಾರಿಗೆ 10 ಲಕ್ಸ್ (ಒಂದು ಜಾಗಕ್ಕೆ ಬೀಳುವ ಬೆಳಕಿನ ಅಳತೆ) ಆಸುಪಾಸಿನಲ್ಲಿ, ಎಲ್ಲೂ ಏರಿಳಿತವಿಲ್ಲದಂತೆ ಇಡುತ್ತೇನೆ. ಮೆಟ್ಟಿಲು, ಇಳಿಜಾರು, ದಾರಿ ಕವಲೊಡೆಯುವ ಜಾಗಕ್ಕೆ ಮಾತ್ರ ಸ್ವಲ್ಪ ಹೆಚ್ಚು.

ಏರಿಳಿತ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ ಮರೆವಿನ ಕಾಯಿಲೆ ಇರುವವರು. ದಾರಿಗೆ ಅಡ್ಡ ಬಿದ್ದ ಕಪ್ಪು ನೆರಳು ಅವರಿಗೆ ಗುಂಡಿಯಂತೆ ಕಾಣಬಹುದು. ಅಲ್ಲೇ ನಿಂತುಬಿಡುತ್ತಾರೆ, ಇಲ್ಲವೇ ದಾಟಲು ಕಾಲು ಎತ್ತಿಡುತ್ತಾರೆ. ಪಾಲಿಶ್ ಮಾಡಿದ ಕಲ್ಲಿನಲ್ಲಿ ದೀಪ ಹೊಳೆದರೆ ನೀರು ನಿಂತಿದೆ ಅಂದುಕೊಳ್ಳುತ್ತಾರೆ. ಆದ್ದರಿಂದ ಮರದ ಹಿಂದೆ ಎತ್ತರದ ಕಂಬ ಹಾಕಿ, ಎಲೆಗಳ ನೆರಳು ದಾರಿಯ ಮೇಲೆ ಕುಣಿಯುವಂತೆ ಮಾಡುವ ಆ ಅಲಂಕಾರ ಇಲ್ಲಿಗಂತೂ ಬೇಡವೇ ಬೇಡ.

ಬೆಂಚುಗಳ ಹತ್ತಿರ ಕಥೆ ಬೇರೆ. ಅಲ್ಲಿ ನೆಲಕ್ಕಿಂತ ಮುಖ ಮುಖ್ಯ. ಬೆಳಕು ತಲೆಯ ಮೇಲಿಂದಷ್ಟೇ ಬಿದ್ದರೆ ಕಣ್ಣುಗುಳಿಗಳು ಕಪ್ಪಾಗಿ, ಎದುರಿಗಿರುವವರು ಯಾರೆಂದೇ ಗುರುತು ಸಿಗುವುದಿಲ್ಲ. ಕಿವಿ ಕೇಳದವರಿಗೆ ತುಟಿ ಓದಲೂ ಆಗದು. ಪಕ್ಕದ ತಿಳಿಬಣ್ಣದ ಗೋಡೆಗೆ ಬೆಳಕು ಬಿಟ್ಟರೆ ಅದೇ ಮೆತ್ತಗೆ ಮುಖಗಳ ಮೇಲೆ ಹಿಂತಿರುಗುತ್ತದೆ.

ಬಣ್ಣದ ಬಗ್ಗೆ: ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ, ಅಂಕಿ ಇಳಿದಷ್ಟೂ ಹಳದಿ ಹೆಚ್ಚು, ನೀಲಿ ಕಮ್ಮಿ. 2700 ಕೆಲ್ವಿನ್ ಮೀರಬೇಡಿ, 2200 ಸಿಕ್ಕರೆ ಇನ್ನೂ ಒಳ್ಳೆಯದು. ಕಣ್ಣಿನಲ್ಲಿ 480 ನ್ಯಾನೋಮೀಟರ್ ಆಸುಪಾಸಿನ ನೀಲಿಗೆ ಹೆಚ್ಚು ಸ್ಪಂದಿಸುವ ಕೋಶಗಳಿವೆ. ಅವು ಮಿದುಳಿಗೆ ‘ಇನ್ನೂ ಹಗಲು’ ಅಂತ ತಿಳಿಸಿ, ರಾತ್ರಿಯಾಯಿತೆಂದು ದೇಹಕ್ಕೆ ಹೇಳುವ ಮೆಲಟೋನಿನ್ ಹಾರ್ಮೋನನ್ನು ತಡೆಯುತ್ತವೆ. 2022ರಲ್ಲಿ ವಿಜ್ಞಾನಿಗಳ ತಂಡವೊಂದು, ಮಲಗುವ ಮೂರು ಗಂಟೆ ಮೊದಲಿನಿಂದ ಕಣ್ಣಿಗೆ ಬೀಳುವ ಬೆಳಕು ಮೆಲನೋಪಿಕ್ ಲೆಕ್ಕದಲ್ಲಿ (ಅಂದರೆ ಈ ಕೋಶಗಳು ಎಷ್ಟು ಸ್ಪಂದಿಸುತ್ತವೆ ಅನ್ನುವ ಲೆಕ್ಕದಲ್ಲಿ) 10 ಲಕ್ಸ್ ಮೀರದಿರಲಿ ಅಂತ ಶಿಫಾರಸು ಮಾಡಿತು. ಅದು ಒಳಾಂಗಣಕ್ಕೆ ಹೇಳಿದ್ದು ನಿಜ, ಆದರೆ ಮನೆಯಿಂದ ಹೊರಬಂದ ಮಾತ್ರಕ್ಕೆ ಕಣ್ಣು ಬದಲಾಗುವುದಿಲ್ಲವಲ್ಲ. ನೀಲಿ ಕಮ್ಮಿಯಾದಷ್ಟೂ ಪತಂಗಗಳ ಕಾಟವೂ ಕಮ್ಮಿ.

ಎಲ್‌ಇಡಿಗೆ ವಿದ್ಯುತ್ ಹೊಂದಿಸಿ ಕೊಡುವ ‘ಡ್ರೈವರ್’ ಅನ್ನುವ ಸಾಧನ ಅಗ್ಗದ್ದು ಮಾತ್ರ ತಗೊಳ್ಳಬೇಡಿ. ಅಂಥದ್ದಿದ್ದರೆ ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗಬಹುದು. ಕಣ್ಣಿಗೆ ಗೊತ್ತಾಗದಿದ್ದರೂ ಮೈಗ್ರೇನ್ ಇರುವವರಿಗೆ ತಲೆನೋವು ತರಬಲ್ಲವು. ಫೋನ್ ಕ್ಯಾಮೆರಾದ ಸ್ಲೋ ಮೋಷನ್‌ನಲ್ಲಿ ದೀಪ ನೋಡಿ, ಮಿನುಗಿದರೆ ವಾಪಸ್ ಕಳಿಸಿ.

ಟೆಂಡರ್ ಕರೆಯುವುದಾದರೆ ಬೆಳಕು ಹೆಚ್ಚುಕಮ್ಮಿ ಮಾಡುವ ಡಿಮ್ಮರ್ ಬೇಕೆಂದು ಅದರಲ್ಲೇ ಬರೆಸಿ. ಶಾಶ್ವತವಾಗಿ ಕೂರಿಸುವ ಮುನ್ನ ದಾರಿಯ ಒಂದು ತುಂಡಿಗೆ ತಾತ್ಕಾಲಿಕ ದೀಪ ಹಾಕಿ, ಅಲ್ಲಿಗೆ ನಿಜವಾಗಿ ಬರುವವರನ್ನೇ ಓಡಾಡಿಸಿ ನೋಡುವ ಷರತ್ತೂ ಇರಲಿ. ದೀಪದ ಜಾಗ ಬದಲಿಸುವ ಖರ್ಚು ಆಗ ಕಡಿಮೆ. ಕೇಬಲ್ ಹೂತ ಮೇಲೆ ಯಾರೂ ನಿಮ್ಮ ಮಾತು ಕೇಳುವುದಿಲ್ಲ.