ಪ್ಯಾರಾಸಿಟಮಾಲ್ ಮಾತ್ರೆಯಲ್ಲಿ ಶೇ 110 ಬಂತು, ಯಾಕೆ?

ಪ್ರಶ್ನೆ: ನಾನು ಬಿ.ಫಾರ್ಮ ವಿದ್ಯಾರ್ಥಿನಿ. 20 ಪ್ಯಾರಾಸಿಟಮಾಲ್ ಮಾತ್ರೆ ಪುಡಿ ಮಾಡಿ, 0.15 ಗ್ರಾಂ ಔಷಧಿ ಇರುವಷ್ಟು ಪುಡಿ ತೂಗಿ, ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗಿಸಿದೆ. 200 ಮಿ.ಲೀ.ಗೆ ತಂದು ಸೋಸಿ, 10ರಿಂದ 100ಕ್ಕೆ ಎರಡು ಸಲ ಡೈಲ್ಯೂಟ್ ಮಾಡಿದೆ. ಯುವಿ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 257 ನ್ಯಾನೋಮೀಟರಿಗೆ ಅಬ್ಸಾರ್ಬೆನ್ಸ್ (ಬೆಳಕು ಎಷ್ಟು ಕಮ್ಮಿಯಾಯಿತು ಅನ್ನೋ ಅಳತೆ) 0.590 ಬಂತು. ಲೆಕ್ಕಕ್ಕೆ ಲೇಬಲ್‌ನಲ್ಲಿ ಹೇಳಿದ ಔಷಧಿಯ ಶೇ 110. ಕಂಪನಿಯವರೇ ಔಷಧಿ ಜಾಸ್ತಿ ಹಾಕಿದ್ದಾರಾ?

ಉತ್ತರ: ಮಾತ್ರೆಯನ್ನು ಈಗಲೇ ದೂರಬೇಡಿ. ನಿಮ್ಮ ಲೆಕ್ಕ ಸರಿಯಾಗಿದೆ. ಕೊನೆಯ ದ್ರಾವಣದಲ್ಲಿ ಮಿ.ಲೀ.ಗೆ 7.5 ಮೈಕ್ರೋಗ್ರಾಂ ಇರಬೇಕಿತ್ತು, 715ರ ಸ್ಥಿರಾಂಕ (ಶೇ 1ರ ದ್ರಾವಣ 1 ಸೆಂ.ಮೀ. ದಪ್ಪದಲ್ಲಿ ಕೊಡುವ ಅಬ್ಸಾರ್ಬೆನ್ಸ್) ಹಿಡಿದರೆ ಸುಮಾರು 0.536 ಬರಬೇಕಿತ್ತು. ಭಾರತೀಯ ಫಾರ್ಮಾಕೋಪಿಯಾದ (ಔಷಧಿಗಳ ಗುಣಮಟ್ಟ ಹೇಳುವ ಅಧಿಕೃತ ಗ್ರಂಥ) ಮಿತಿ ಶೇ 95ರಿಂದ 105.

ನನಗೆ ಮೊದಲು ಅನುಮಾನ ಬರುವುದು ನೀವು ಸೋಸಿದ ರೀತಿಯ ಮೇಲೆ. ಮಾತ್ರೆ ಅಂದರೆ ಬರೀ ಔಷಧಿಯಲ್ಲ, ಪಿಷ್ಟ, ಟಾಲ್ಕ್, ಮೆಗ್ನೀಸಿಯಂ ಸ್ಟಿಯರೇಟ್ ಎಲ್ಲ ಇರುತ್ತವೆ, ಇವು ಪೂರ್ತಿ ಕರಗದೆ ಸಣ್ಣ ಕಣಗಳಾಗಿ ತೇಲುತ್ತಾ ಬೆಳಕನ್ನು ಚದುರಿಸುತ್ತವೆ. ಯಂತ್ರಕ್ಕೆ ಗೊತ್ತಾಗುವುದು ಬೆಳಕು ಎಷ್ಟು ಕಮ್ಮಿಯಾಯಿತು ಅನ್ನೋದು ಮಾತ್ರ. ಔಷಧಿ ಹೀರಿಕೊಂಡಿತಾ, ಕಣಗಳು ಚದುರಿಸಿದವಾ ಅಂತ ಅದು ಹೇಳಲ್ಲ.

ಪತ್ತೆ ಮಾಡೋದು ಸುಲಭ. ಅದೇ ದ್ರಾವಣವನ್ನು 400 ನ್ಯಾನೋಮೀಟರಿನಲ್ಲಿ ಓದಿ. ಅಲ್ಲಿ ಪ್ಯಾರಾಸಿಟಮಾಲ್ ಬೆಳಕು ಹೀರುವುದಿಲ್ಲ, ಹಾಗಾಗಿ ಸೊನ್ನೆಯ ಹತ್ತಿರ ಬರಬೇಕು. 0.03, 0.04 ಬಂದರೆ ದ್ರಾವಣ ಮಸುಕಾಗಿದೆ ಅಂತಲೇ ತಿಳಿಯಿರಿ. ಹಾಗಂತ ಸುಮ್ನೆ ಅಷ್ಟನ್ನು 0.590ರಿಂದ ಕಳೆಯಬೇಡಿ, ತರಂಗಾಂತರ ಕಮ್ಮಿಯಾದಂತೆ ಚದುರುವಿಕೆ ಹೆಚ್ಚುತ್ತದೆ, 257ರಲ್ಲಿ ಅದರ ಪಾಲು ಇನ್ನೂ ದೊಡ್ಡದು. ಮತ್ತೆ ಸೋಸಿ. ಫಿಲ್ಟರಿನಿಂದ ಮೊದಲು ಬರುವ ಕೆಲವು ಮಿ.ಲೀ. ಚೆಲ್ಲಿಬಿಡಿ.

400ರಲ್ಲಿ ಸೊನ್ನೆ ಬಂದರೆ ಪಿಪೆಟ್ ಕಡೆ ನೋಡಿ. ಎರಡು ಡೈಲ್ಯೂಷನ್‌ನಲ್ಲಿ ಒಂದರಲ್ಲಿ 10ರ ಬದಲು 11 ಮಿ.ಲೀ. ಹೋದರೂ ಶೇ 110 ಬರುತ್ತದೆ. ದ್ರಾವಣ ಹಾಕಿ ಯಂತ್ರದಲ್ಲಿಡುವ ಕ್ಯುವೆಟ್ ಕ್ವಾರ್ಟ್ಜ್‌ದೇ ತಾನೇ? ಮಾಮೂಲಿ ಗಾಜು ಯುವಿ ಬೆಳಕನ್ನು ತಡೆಯುತ್ತದೆ. ಬ್ಲ್ಯಾಂಕ್‌ಗೆ (ಯಂತ್ರವನ್ನು ಸೊನ್ನೆಗೆ ತರಲು ಇಡುವ, ಔಷಧಿ ಇಲ್ಲದ ದ್ರಾವಣ) ಬರೀ ನೀರಿಡಬೇಡಿ, ಕೊನೆಯ ದ್ರಾವಣದಲ್ಲಿರುವಷ್ಟೇ ಸೋಡಿಯಂ ಹೈಡ್ರಾಕ್ಸೈಡ್ ಅದರಲ್ಲೂ ಇರಬೇಕು.

ಇನ್ನೊಂದು ಮಾತು, ಸ್ಟ್ರಿಪ್ಪಿನ ಹಿಂಭಾಗ ಓದಿದಿರಾ? ಪ್ಯಾರಾಸಿಟಮಾಲ್ ಜೊತೆ ಕೆಫೀನ್ ಇರುವ ಮಾತ್ರೆಗಳೂ ಸಿಗುತ್ತವೆ. ಕೆಫೀನ್ 273ರ ಸುತ್ತ ಚೆನ್ನಾಗಿ ಹೀರುತ್ತದೆ, 257ರಲ್ಲೂ ಸ್ವಲ್ಪ ಸೇರಿಕೊಳ್ಳುತ್ತದೆ. ಆಗ ಒಂದೇ ತರಂಗಾಂತರದ ಲೆಕ್ಕ ನಡೆಯಲ್ಲ, ಎರಡು ಕಡೆ ಓದಿ ಎರಡು ಸಮೀಕರಣ ಬಿಡಿಸಬೇಕು ಅಥವಾ ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ವಿಧಾನಕ್ಕೆ ಹೋಗಬೇಕು.

ಇಷ್ಟೆಲ್ಲ ನೋಡಿದ ಮೇಲೆ ಶುದ್ಧ ಪ್ಯಾರಾಸಿಟಮಾಲ್‌ನ ಸ್ಟ್ಯಾಂಡರ್ಡ್ ದ್ರಾವಣವನ್ನೂ ಅದೇ ದಿನ, ಅದೇ ಕ್ಯುವೆಟ್‌ನಲ್ಲಿ ಓದಿ. ಅದೂ ಜಾಸ್ತಿ ತೋರಿಸಿದರೆ ತಪ್ಪು ಮಾತ್ರೆಯದ್ದಲ್ಲ.